ಸ್ಲಾಟಿನಲ್ಲಿ ಕೂರುತ್ತದೆ, ಕಂಪ್ಯೂಟರ್ ಏಳುವುದಿಲ್ಲ

ಮನೆಯ ಮೂಲೆಯಲ್ಲೊಂದು ಹಳೇ ಡೆಸ್ಕ್‌ಟಾಪ್ ಇದೆ ಅಂದುಕೊಳ್ಳಿ. ಕೋರ್ 2 ಡ್ಯುಯೊ ಪ್ರೊಸೆಸರ್, ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಡಿಡಿಆರ್3 ಎಂಬ ಬಗೆಯ ರ‍್ಯಾಮಿಗೆ ಎರಡು ಸ್ಲಾಟ್. 2010ರ ಆಸುಪಾಸಿನಲ್ಲಿ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಇಂಥವು ಬೇಕಾದಷ್ಟಿವೆ. 8 ಜಿಬಿವರೆಗೆ ರ‍್ಯಾಮ್ ಹಾಕಬಹುದು ಎಂದು ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿದೆ. ಸರಿ, 4 ಜಿಬಿಯ ಎರಡು ಸ್ಟಿಕ್ ತರುತ್ತೀರಿ. ಟಕ್ ಅಂತ ಕೂರುತ್ತವೆ. ಬಟನ್ ಒತ್ತಿದರೆ ಪರದೆ ಕಪ್ಪು. ಅದೇ ಸ್ಟಿಕ್ಕುಗಳನ್ನು ಸ್ವಲ್ಪ ಹೊಸ ಕಂಪ್ಯೂಟರಿಗೆ ಹಾಕಿದರೆ ಚೆನ್ನಾಗಿ ಓಡುತ್ತವೆ!

ಸ್ಟಿಕ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಉತ್ತರ ಸ್ಟಿಕ್ಕಿಗೆ ಅಂಟಿಸಿದ ಚೀಟಿಯಲ್ಲಿದೆ. 4 ಜಿಬಿ ಎಂಬುದರ ಪಕ್ಕದಲ್ಲೇ ಇಂಗ್ಲಿಷಿನಲ್ಲಿ 1ಆರ್×8 ಅಂತಲೋ 2ಆರ್×8 ಅಂತಲೋ ಚಿಕ್ಕದಾಗಿ ಬರೆದಿರುತ್ತದೆ. ಹಳೇ ಬೋರ್ಡಿನ ಮಟ್ಟಿಗೆ ಇದು 4 ಜಿಬಿ ಅನ್ನುವಷ್ಟೇ ಮುಖ್ಯ.

ರ‍್ಯಾಮ್ ಚಿಪ್ಪಿನೊಳಗೆ ಮಾಹಿತಿ ಸಾಲು ಸಾಲಾಗಿ ಕೂತಿರುತ್ತದೆ. ಯಾವ ಸಾಲು ಬೇಕು ಎಂದು ಕೇಳುವುದು ಮೆಮೊರಿ ಕಂಟ್ರೋಲರ್. ನಮ್ಮ ಹಳೇ ಬೋರ್ಡಿನಲ್ಲಿ ಅದು ಜಿ41ರೊಳಗೇ ಇದೆ. ಸಾಲಿನ ನಂಬರನ್ನು ಅದು ತಂತಿಗಳ ಮೂಲಕ ಕಳಿಸುತ್ತದೆ. ಒಂದೊಂದು ತಂತಿಯಲ್ಲೂ ಸೊನ್ನೆ ಇಲ್ಲವೇ ಒಂದು, ಅಷ್ಟೇ. ಹಾಗಾಗಿ ಒಂದು ತಂತಿ ಜಾಸ್ತಿಯಾದರೆ ಕರೆಯಬಹುದಾದ ಸಾಲುಗಳು ದುಪ್ಪಟ್ಟಾಗುತ್ತವೆ. 15 ತಂತಿಗೆ 32,768 ಸಾಲು, 16ಕ್ಕೆ 65,536.

ಒಂದು ಸಲಕ್ಕೆ 8 ಬಿಟ್ ಕೊಡುವ 2 ಗಿಗಾಬಿಟ್ಟಿನ ಡಿಡಿಆರ್3 ಚಿಪ್ಪಿಗೆ 15 ತಂತಿ ಸಾಕು (8 ಗಿಗಾಬಿಟ್ ಸೇರಿದರೆ 1 ಜಿಬಿ). 4 ಗಿಗಾಬಿಟ್ಟಿನದ್ದಕ್ಕೆ ಹದಿನಾರನೆಯದು ಬೇಕೇ ಬೇಕು. ಜಿ41ರಲ್ಲಿ ಆ ಹದಿನಾರನೇ ತಂತಿಯೇ ಇಲ್ಲ. ಅರ್ಧ ಚಿಪ್ಪನ್ನು ಕರೆಯಲು ಅದರ ಬಳಿ ನಂಬರಿಲ್ಲ, ಅಲ್ವಾ? ಕೆಲವೊಮ್ಮೆ ಅರ್ಧ ರ‍್ಯಾಮ್ ಮಾತ್ರ ಕಾಣುತ್ತದೆ. ಎಷ್ಟೋ ಸಲ ಕಂಪ್ಯೂಟರ್ ಏಳುವುದೇ ಇಲ್ಲ.

ಈಗ ಚೀಟಿಗೆ ಬರೋಣ. ಆರ್ ಅಂದರೆ ರ‍್ಯಾಂಕ್, ಒಟ್ಟಿಗೆ 64 ಬಿಟ್ ಕೊಡುವ ಚಿಪ್ಪುಗಳ ಗುಂಪು. ×8 ಅಂದರೆ ಒಂದು ಚಿಪ್ಪಿನ ಪಾಲು 8 ಬಿಟ್. ಎಂಟು ಚಿಪ್ ಸೇರಿ ಒಂದು ಗುಂಪು. 1ಆರ್×8 ಆದರೆ 4 ಜಿಬಿಯನ್ನು ಎಂಟೇ ಚಿಪ್ಪುಗಳು ಹೊರಬೇಕು, ಒಂದೊಂದೂ 4 ಗಿಗಾಬಿಟ್. 2ಆರ್×8 ಆದರೆ ಹದಿನಾರು ಚಿಪ್ಪುಗಳು ಹಂಚಿಕೊಳ್ಳುತ್ತವೆ, ಒಂದೊಂದೂ 2 ಗಿಗಾಬಿಟ್. ಎರಡರ ಮೇಲೂ 4 ಜಿಬಿ ಎಂದೇ ಇರುತ್ತದೆ. ಜಿ41ಕ್ಕೆ ಆಗಿಬರುವುದು ಎರಡನೆಯದು.

ಕೋರ್ 2 ಕಾಲದಲ್ಲಿ ಮೆಮೊರಿ ಕಂಟ್ರೋಲರ್ ಚಿಪ್‌ಸೆಟ್ಟಿನಲ್ಲಿತ್ತು. ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ 2008ರ ಕೋರ್ ಐ7ನಿಂದ ಅದು ಪ್ರೊಸೆಸರಿನೊಳಕ್ಕೆ ಹೋಯಿತು. ಆಮೇಲಿನ ಯಂತ್ರಗಳಲ್ಲಿ ಪ್ರೊಸೆಸರಿನ ಮಿತಿಯನ್ನೂ ನೋಡಬೇಕು. ಎರಡನೇ ತಲೆಮಾರಿನ ಕೋರ್ ಐ5 ಡೆಸ್ಕ್‌ಟಾಪ್ ಪ್ರೊಸೆಸರ್ 32 ಜಿಬಿವರೆಗೆ ನಿಭಾಯಿಸುತ್ತದೆ. ಆದರೆ ಅದು ಕೂರುವ ಎಚ್61 ಚಿಪ್‌ಸೆಟ್ಟಿನ ಬೋರ್ಡಿಗೆ ಇರುವುದು ಎರಡೇ ಸ್ಲಾಟ್, ಒಂದಕ್ಕೆ 8 ಜಿಬಿ. ಅಲ್ಲಿಗೆ 16ಕ್ಕೆ ನಿಂತಿತು.

ವಿಂಡೋಸ್ 32 ಬಿಟ್ಟಿನದ್ದಾದರೆ 4 ಜಿಬಿಗಿಂತ ಜಾಸ್ತಿ ಹಾಕುವುದು ಸುಮ್ನೆ ಖರ್ಚು. ಅದರಲ್ಲೂ ಗ್ರಾಫಿಕ್ಸ್ ಮತ್ತಿತರ ಸಾಧನಗಳಿಗೆ ಕರೆಯುವ ನಂಬರುಗಳಲ್ಲೊಂದು ಪಾಲು ಮೀಸಲಿಟ್ಟು, ಕೈಗೆ ಸಿಗುವುದು ಮೂರು, ಮೂರೂವರೆ ಜಿಬಿ.

ಹೆಚ್ಚೆಂದರೆ ಎಷ್ಟು ರ‍್ಯಾಮ್ ಹಾಕಬಹುದು ಎಂದು ತೋರಿಸುವ ಕಮಾಂಡುಗಳೂ ಇವೆ. ಅವು ಹೇಳುವುದು ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಆದ ಬಯೋಸ್‌ನಲ್ಲಿ ಬರೆದಿಟ್ಟ ಸಂಖ್ಯೆಯನ್ನು. ಅದು ತಪ್ಪಿರುವುದೂ ಉಂಟು, ಅದೊಂದನ್ನೇ ನಂಬಿ ದುಡ್ಡು ಹಾಕಬೇಡಿ. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬೋರ್ಡಿನ ಮಾಡೆಲ್ ನೋಡಿ. ಅಲ್ಲಿ ಸಿಗದಿದ್ದರೆ ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಆ ಹೆಸರಿನಿಂದ ತಯಾರಕರ ಪುಸ್ತಕ ಹುಡುಕಿ, ಮೆಮೊರಿಯ ಪುಟ ಓದಿ.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಬರೀ 4 ಜಿಬಿ ಡಿಡಿಆರ್3 ಕೊಡಿ ಅನ್ನಬೇಡಿ. ಜಿ41 ಬೋರ್ಡಿಗೆ ಬೇಕು, 2ಆರ್×8 ಕೊಡಿ ಅನ್ನಿ. ಹದಿನಾರು ಚಿಪ್ ಇದ್ದರೂ ಚೀಟಿಯಲ್ಲಿ ×4 ಎಂದಿದ್ದರೆ ಬೇಡ, 4 ಬಿಟ್ಟಿನ ಚಿಪ್ಪುಗಳನ್ನು ಈ ಚಿಪ್‌ಸೆಟ್ ಒಪ್ಪುವುದಿಲ್ಲ. ಚೀಟಿ ಹರಿದುಹೋಗಿದ್ದರೆ ಅಂಗಡಿಯಲ್ಲೇ ನಿಮ್ಮ ಬೋರ್ಡಿಗೆ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.