ಹಲ್ಲು ಬರುವ ಮರಿ ಸಿಡುಕುತ್ತದೆ, ಸರಿ. ಭೇದಿ ಯಾಕೆ?

ಪ್ರಶ್ನೆ: "ಮೇಡಂ, ನಮ್ಮ ಲ್ಯಾಬ್ರಡಾರ್ ನಾಯಿಮರಿಗೆ ನಾಲ್ಕೂವರೆ ತಿಂಗಳು. ಇಷ್ಟು ದಿನ ಚಿನ್ನದಂಥ ಮರಿ. ಈಗ ಸಂಜೆಯಾದರೆ ಸಾಕು, ಎಲ್ಲರ ಕಾಲಿಗೂ ಬಾಯಿ ಹಾಕುತ್ತೆ. ಕರೆದರೆ ಬರಲ್ಲ, ಊಟ ಅರ್ಧಕ್ಕೇ ಬಿಡುತ್ತೆ. ನಿನ್ನೆಯಿಂದ ಲೂಸ್ ಮೋಷನ್ ಬೇರೆ. ಹಲ್ಲು ಬರುವಾಗ ಇದೆಲ್ಲ ಮಾಮೂಲಿ ಅಂತಾರೆ ನಮ್ಮತ್ತೆ. ಹೌದಾ?"

ಕೊನೆಯದೊಂದು ಬಿಟ್ಟು ಉಳಿದದ್ದಕ್ಕೆ ಹಲ್ಲು ಕಾರಣ ಇರಬಹುದು. ಆ ಕೊನೆಯದಕ್ಕೆ, ಇದನ್ನು ಓದಿ ಮುಗಿಸುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಮಾಡಿದ್ರಾ? ಸರಿ, ಮುಂದೆ ಓದಿ.

ಮರಿಗೆ 28 ಹಾಲುಹಲ್ಲು. ಮೂರು ವಾರಕ್ಕೆ ಶುರುವಾಗಿ ಎರಡು ತಿಂಗಳೊಳಗೆ ಎಲ್ಲ ಬಂದಿರುತ್ತವೆ. ಮೂರೂವರೆ, ನಾಲ್ಕು ತಿಂಗಳಿಗೆ ಮುಂಭಾಗದ ಹಾಲುಹಲ್ಲು ಬೀಳಲು ಶುರು. ಕೋರೆಹಲ್ಲು ಆಮೇಲೆ. ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದು ಕಥೆ ಮುಗಿಯುತ್ತದೆ. ಬಿದ್ದ ಹಲ್ಲು ಎಷ್ಟೋ ಸಲ ನಮ್ಮ ಕೈಗೆ ಸಿಗುವುದೇ ಇಲ್ಲ, ಮರಿ ನುಂಗಿಬಿಟ್ಟಿರುತ್ತದೆ. ಏನೂ ಆಗಲ್ಲ.

ಈ ಎರಡು ಮೂರು ತಿಂಗಳು ವಸಡು ಕೆಂಪಗೆ ಊದಿ ನೋಯುತ್ತಿರುತ್ತದೆ. ಮೂತಿ ಮುಟ್ಟಲು ಹೋದರೆ ಮುಖ ತಿರುಗಿಸುತ್ತದೆ. ಗಟ್ಟಿ ಪೆಡಿಗ್ರಿ ಪಕ್ಕಕ್ಕೆ ತಳ್ಳಿ, ನೆನೆಸಿಕೊಟ್ಟರೆ ನೆಕ್ಕಿ ಮುಗಿಸುತ್ತದೆ. ಹಗ್ಗದ ಆಟಿಕೆ ಮೇಲೆ ಅಲ್ಲಲ್ಲಿ ತಿಳಿ ರಕ್ತದ ಕಲೆ, ಜೊತೆಗೆ ಜೊಲ್ಲು. ಸೋಫಾ ಕಾಲು, ಚಪ್ಪಲಿ, ಚಾರ್ಜರ್ ವೈರ್, ಏನು ಸಿಕ್ಕರೂ ಸರಿ. ಆದರೆ ಸಂಜೆಯ ರಂಪಾಟವನ್ನೆಲ್ಲ ಹಲ್ಲಿನ ಮೇಲೆ ಹಾಕಬೇಡಿ. ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು. ನಮ್ಮ ಫ್ಲಾಟುಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಬೆಲ್ಲು, ಮಕ್ಕಳು ಸ್ಕೂಲಿಂದ ಬಂದ ಮೇಲೆ ಗಲಾಟೆ. ನಿದ್ದೆಗೆಟ್ಟ ಮರಿ ಕಚ್ಚದೆ ಇನ್ನೇನು ಮಾಡೀತು?

ನೋವಿಗೆ ಹಳೇ ಕಾಟನ್ ಬಟ್ಟೆ ಒದ್ದೆ ಮಾಡಿ, ಹಿಂಡಿ, ತಿರುಚಿ, ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟು ಕೊಡಿ. ನೀವು ಪಕ್ಕದಲ್ಲೇ ಇರಬೇಕು, ಚಿಂದಿಯಾಗಲು ಶುರುವಾದರೆ ಕಿತ್ತುಕೊಳ್ಳಿ. ಮಟನ್ ಅಂಗಡಿಯ ಮೂಳೆ ಬೇಡ, ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿ ಇರುವುದು ಹಲ್ಲನ್ನೇ ಸೀಳುತ್ತದೆ. ಇನ್ನು, ಮನೆಯಲ್ಲಿರುವ ಡೋಲೋ 650ರಲ್ಲಿ ಅರ್ಧ ಕೊಡಲಾ ಅಂತ ಕೇಳುವವರಿಗೆ: ಮೂರು ಕೆಜಿ ಮರಿಗೆ ಆ ಅರ್ಧ ಮಾತ್ರೆ ಅಂದರೆ ಕೆಜಿಗೆ 100 ಮಿಲಿಗ್ರಾಂ ದಾಟಿತು. ಲಿವರ್ ಹಾಳಾಗಲು ಅಷ್ಟು ಸಾಕು. ಐಬುಪ್ರೊಫೆನ್ ಇನ್ನೂ ಅಪಾಯ.

ಈಗ ಅತ್ತೆಯವರ ಮಾತು. ಅವರೊಬ್ಬರೇ ಅಲ್ಲ ಬಿಡಿ, ಪಾರ್ಕಿನಲ್ಲಿ ವಾಕಿಂಗ್ ಬರುವ ಅರ್ಧ ಜನ ಇದನ್ನೇ ಹೇಳುತ್ತಾರೆ. ಕೂಸಿಗೆ ಹಲ್ಲು ಬರುವಾಗ ಭೇದಿ, ಜ್ವರ ಬರುತ್ತೆ ಅನ್ನುವ ಹಳೇ ನಂಬಿಕೆಯನ್ನು ಹಾಗೇ ನಾಯಿಮರಿಗೂ ತಗಲಿಸಿದ್ದಾರೆ. ನಾನು ಹೇಳಿ ಹೇಳಿ ಸಾಕಾಗಿದ್ದೇನೆ. ಹಲ್ಲು ಬರುವುದರಿಂದ ವಾಂತಿ ಆಗಲ್ಲ, ಭೇದಿ ಆಗಲ್ಲ, ಮೈ ಸುಡುವ ಜ್ವರ ಬರಲ್ಲ.

ಹಾಗಾದರೆ ಎರಡೂ ಒಟ್ಟಿಗೇ ಯಾಕೆ ಕಾಣಿಸಿಕೊಳ್ಳುತ್ತವೆ? ವಯಸ್ಸು ಒಂದೇ, ಅಷ್ಟೇ. ತಾಯಿ ಹಾಲಿನಿಂದ ಬಂದ ರಕ್ಷಣೆ ಆರು ವಾರದಿಂದ ಹದಿನಾರು ವಾರದೊಳಗೆ ಕರಗುತ್ತಾ ಬರುತ್ತದೆ. ಅದು ಪೂರ್ತಿ ಹೋಗುವವರೆಗೆ ಕೊಟ್ಟ ಲಸಿಕೆಯನ್ನೂ ಕೆಲಸ ಮಾಡಲು ಬಿಡಲ್ಲ. ಅದಕ್ಕೇ ಹಲವು ಕಾಯಿಲೆಗೆ ಸೇರಿಸಿ ಕೊಡುವ ಸೆವೆನ್ ಇನ್ ಒನ್ ಇಂಜೆಕ್ಷನ್ ಒಂದೇ ಸಲಕ್ಕೆ ಮುಗಿಯಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಹೋಗಿ, ಕೊನೆಯದು ಹದಿನಾರು ವಾರಕ್ಕೆ ಅಥವಾ ಅದರ ನಂತರ ಬೀಳಬೇಕು. "ಎರಡು ಡೋಸ್ ಆಗಿದೆಯಲ್ಲ" ಅಂತ ಹನ್ನೆರಡು ವಾರಕ್ಕೇ ನಿಲ್ಲಿಸಿ, ಭಾನುವಾರ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುವವರಿದ್ದಾರೆ. ಪಾರ್ವೋ ವೈರಸ್ ಕಾಯುತ್ತಿರುವುದೇ ಇಂಥ ಮರಿಗೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡು ಮೂರನೇ ಮಹಡಿಗೂ ಬರುತ್ತದೆ.

ಪಾರ್ವೋ ಶುರುವಾಗುವುದು ಹೇಗೆ ಗೊತ್ತಾ? ಮಂಕು, ಊಟ ಬೇಡ, ಮೂಲೆಯಲ್ಲಿ ಮಲಗುವುದು. ಹಲ್ಲು ಅಂದುಕೊಂಡು ಸುಮ್ನೆ ಇರುತ್ತೀರಿ. ಒಂದೆರಡು ದಿನದಲ್ಲಿ ವಾಂತಿ, ಆಮೇಲೆ ಕೆಟ್ಟ ವಾಸನೆಯ ರಕ್ತಭೇದಿ. ಮೈಯಲ್ಲಿನ ನೀರೆಲ್ಲ ಹೋಗಿ ಮರಿ ಸಾಯುತ್ತದೆ. ಬೇಗ ಡ್ರಿಪ್ ಹಾಕಿಸಿದರೆ ಬದುಕುವ ಮರಿಗಳೇ ಜಾಸ್ತಿ. ರಾತ್ರಿ ಕಳೆಯಲಿ ಅಂತ ಕಾಯಬೇಡಿ. ಹತ್ತಿರದ ಕ್ಲಿನಿಕ್, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಯಾವುದು ಬೇಗ ಸಿಗುತ್ತೋ ಅಲ್ಲಿಗೆ ಹೋಗಿ.

ಸಿಡುಕಿಗೂ ಮಂಕಿಗೂ ವ್ಯತ್ಯಾಸ ನೋಡುವುದು ಕಷ್ಟವಲ್ಲ. ಹಲ್ಲು ನೋವಿನ ಮರಿ ಈಗ ಗುರ್ ಅಂದು, ಇನ್ನರ್ಧ ಗಂಟೆಗೆ ನಿಮ್ಮ ಸಾಕ್ಸ್ ಎತ್ತಿಕೊಂಡು ಓಡುತ್ತದೆ. ಕಾಯಿಲೆಯ ಮರಿ ಇಡೀ ದಿನ ಏಳಲ್ಲ, ಬೆಲ್ಲು ಹೊಡೆದರೂ ಏಳಲ್ಲ. ಮೂಗು ಮುಟ್ಟಿ ಜ್ವರ ನೋಡಬೇಡಿ, ಅದರಿಂದ ಏನೂ ಗೊತ್ತಾಗಲ್ಲ. ಥರ್ಮಾಮೀಟರ್ ಗುದದ್ವಾರದಲ್ಲಿ ಇಟ್ಟು ನೋಡಬೇಕು. 101ರಿಂದ 102.5 ಫ್ಯಾರನ್‌ಹೀಟ್ ನಾಯಿಗೆ ಸಹಜ. 103 ದಾಟಿದರೆ ಡಾಕ್ಟರ್.

ಹಲ್ಲಿಗೂ ಹೊಟ್ಟೆಗೂ ಸುತ್ತಿ ಬಳಸಿ ಒಂದು ಸಂಬಂಧ ಇದೆ, ಒಪ್ಪುತ್ತೇನೆ. ವಸಡು ನವೆಗೆ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ, ಅದರಲ್ಲಿ ಒಂದಿಷ್ಟು ನುಂಗುತ್ತದೆ. ಹಗ್ಗದ ಎಳೆ, ಸಾಕ್ಸ್ ಚೂರು ಕರುಳಲ್ಲಿ ಸಿಕ್ಕಿಕೊಂಡರೆ ವಾಂತಿ ನಿಲ್ಲಲ್ಲ. ಅದಕ್ಕೂ ಹೋಗಬೇಕಾದದ್ದು ಡಾಕ್ಟರ ಹತ್ತಿರವೇ.

ಇನ್ನೊಂದು, ಯಾರೂ ಕೇಳುವುದೇ ಇಲ್ಲ. ಆರು ತಿಂಗಳಾದ ಮೇಲೆ ಮರಿಯ ತುಟಿ ಎತ್ತಿ ನೋಡಿ. ಕೋರೆಹಲ್ಲು ಒಂದಿರಬೇಕಾದ ಕಡೆ ಎರಡಿದೆಯಾ? ಪೊಮೆರೇನಿಯನ್, ಶಿಟ್ಜುಗಳಂಥ ಚಿಕ್ಕ ತಳಿಗಳಲ್ಲಿ ಇದು ಜಾಸ್ತಿ. ಹಾಲುಹಲ್ಲು ಜಾಗ ಬಿಡದೆ ಹಾಗೇ ನಿಂತಿರುತ್ತದೆ. ಎರಡರ ಸಂದಿಯಲ್ಲಿ ಅನ್ನ, ಕೂದಲು ಸಿಕ್ಕಿ ವಸಡು ಕೊಳೆಯುತ್ತದೆ. ಕೆಳಗಿನದಾದರೆ ಹೊಸ ಕೋರೆ ಒಳಗಡೆಗೆ ವಾಲಿ ಮೇಲಿನ ಅಂಗುಳಕ್ಕೇ ಚುಚ್ಚುತ್ತದೆ. ಇಕ್ಕಳ ಹಿಡಿದು ನೀವೇ ಕೀಳಲು ಹೋಗಬೇಡಿ. ಅದರ ಬೇರು ಉದ್ದ, ಸಪೂರ, ಒಳಗೇ ಮುರಿಯುತ್ತದೆ. ಡಾಕ್ಟರು ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಸಂತಾನಹರಣ ಆಪರೇಷನ್ ಹತ್ತಿರದಲ್ಲೇ ಇದ್ದರೆ ಎರಡೂ ಒಟ್ಟಿಗೇ ಆಗುತ್ತಾ ಅಂತ ಕೇಳಿ ನೋಡಿ.