ಸಿ4 ಕಾರ್ವೆಟ್‌ನ ಎತ್ತರದ ಹೊಸ್ತಿಲು

ಹಳೆಯ ಷೆವ್ರೊಲೆ ಕಾರ್ವೆಟ್ ಎಂಬ ಅಮೆರಿಕನ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ನಮ್ಮ ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದು ಹಾರ್ಸ್‌ಪವರ್. ಅಮೆರಿಕದಲ್ಲಿರುವ ನನ್ನ ಕನ್ನಡಿಗ ಗೆಳೆಯರದ್ದೂ ಅದೇ ಪ್ರಶ್ನೆ. ನಾನು ಹೇಳುವುದು, ಮೊದಲು ಬಾಗಿಲು ತೆಗೆದು ಒಳಗೆ ಕೂತು ನೋಡಿ. ನಾಲ್ಕನೇ ತಲೆಮಾರಿನ ಸಿ4ಗೂ ಐದನೇ ತಲೆಮಾರಿನ ಸಿ5ಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

1984ರಿಂದ 1996ರವರೆಗೆ ಬಂದ ಸಿ4ನಲ್ಲಿ ಬಾಗಿಲ ಹೊಸ್ತಿಲು ತುಂಬಾ ಎತ್ತರ. ಕಾಲೆತ್ತಿ ದಾಟಿ, ಆಮೇಲೆ ಒಳಗೆ ಇಳಿಯಬೇಕು. ಮಂಡಿನೋವಿದ್ದವರಿಗೆ ನಿಜಕ್ಕೂ ಕಷ್ಟ. ಸುಮ್ನೆ ಹಾಗೆ ಮಾಡಿದ್ದಲ್ಲ. ಅದು ಚಾವಣಿ ಕಳಚಿ ಇಡಬಹುದಾದ ಕಾರು. ಮೇಲಿಂದ ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಬಲವೆಲ್ಲ ಪಕ್ಕಗಳಿಂದಲೇ ಬರಬೇಕು, ಅಲ್ವಾ? ಆದರೂ ಚಾವಣಿ ತೆಗೆದು ಹದಗೆಟ್ಟ ರಸ್ತೆಗೆ ಇಳಿದರೆ ಕಾರಿನ ಮೈ ತಿರುಚಿಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಕಿರಗುಟ್ಟುತ್ತದೆ.

1997ರಲ್ಲಿ ಬಂದ ಸಿ5 ಕಾರನ್ನು ಚಾವಣಿ ಇಲ್ಲದೆಯೂ ಗಟ್ಟಿಯಾಗಿರಬೇಕು ಅಂತಲೇ ಕಟ್ಟಿದರು. ಎರಡೂ ಬದಿಗೆ ಉದ್ದಕ್ಕೆ ಒಂದೊಂದು ಉಕ್ಕಿನ ಕೊಳವೆ. ಅದನ್ನು ಅಚ್ಚಿನಲ್ಲಿಟ್ಟು, ಒಳಗೆ ಭಾರೀ ಒತ್ತಡದಲ್ಲಿ ನೀರು ತುಂಬಿ ಆಕಾರ ಕೊಡುತ್ತಾರೆ. ತುಂಡು ತುಂಡು ಸೇರಿಸಿ ಬೆಸುಗೆ ಹಾಕುವ ಕೆಲಸ ಕಡಿಮೆಯಾಯಿತು, ಹೊಸ್ತಿಲೂ ತಗ್ಗಿತು. ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರಕ್ಕೆ ಹೋಯಿತು. ಹಾಗಾಗಿ ಕಾಲಿಡಲು ಜಾಗ ಜಾಸ್ತಿ, ಹಿಂದೆ ಮುಂದೆ ತೂಕವೂ ಹೆಚ್ಚುಕಡಿಮೆ ಸಮ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 96.2 ಇಂಚಿನಿಂದ 104.5 ಇಂಚಿಗೆ ಬೆಳೆಯಿತು.

ಇನ್ನು ಎಂಜಿನ್. ಎರಡೂ 5.7 ಲೀಟರಿನ ವಿ8. 1992ರಲ್ಲಿ ಸಿ4ಗೆ ಬಂದ ಎಲ್‌ಟಿ1 ಎಂಜಿನ್‌ಗೆ 300 ಹಾರ್ಸ್‌ಪವರ್, ಸಿ5ರ ಎಲ್‌ಎಸ್1ಗೆ ಶುರುವಿನಲ್ಲಿ 345. ಕೊಳ್ಳುವವರು ಈ ಅಂಕಿಗಿಂತ ವಾಟರ್ ಪಂಪ್ ಕಡೆ ಗಮನ ಕೊಡಲಿ ಎಂಬುದು ನನ್ನ ಆಸೆ. ಎಲ್‌ಟಿ1ರಲ್ಲಿ ಸಿಲಿಂಡರುಗಳಿಗೆ ಕಿಡಿ ಹಂಚುವ ಆಪ್ಟಿಸ್ಪಾರ್ಕ್ ಎಂಬ ಡಿಸ್ಟ್ರಿಬ್ಯೂಟರ್ ಇರುವುದು ಎಂಜಿನ್ನಿನ ಮುಂದೆ, ಪಂಪಿನ ಕೆಳಗೇ. ಪಂಪ್ ಸೋರಿದರೆ ಕೂಲಂಟ್ ಅದರ ಮೇಲೆ ಬೀಳುತ್ತದೆ. ಆಮೇಲೆ ಎಂಜಿನ್ ಮಿಸ್ಸಿಂಗ್ ಶುರು. ಪಂಪ್ ಬಿಚ್ಚದೆ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಲು ಆಗುವುದಿಲ್ಲ. ಒಂದು ಹಾಳಾದರೆ ಎರಡನ್ನೂ ಬದಲಾಯಿಸಿಬಿಡಿ ಎನ್ನುತ್ತೇನೆ.

ಎಲ್‌ಎಸ್1ರಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಪ್ರತಿ ಸಿಲಿಂಡರಿಗೂ ಕಿಡಿ ಕೊಡಲು ಒಂದು ಕಾಯಿಲ್. ಆದರೆ ಸಿ5ರ ಕ್ಲಚ್ ಸವೆದಿದ್ದರೆ ಜೇಬು ಗಟ್ಟಿ ಮಾಡಿಕೊಳ್ಳಿ. ಸೈಲೆನ್ಸರ್ ಪೈಪು, ಗೇರ್‌ಬಾಕ್ಸ್, ಎಂಜಿನ್ನಿಗೂ ಹಿಂದಿನ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಟ್ಯೂಬ್ ಎಲ್ಲ ಕೆಳಗಿಳಿಸಬೇಕು. ಅಷ್ಟು ಬಿಚ್ಚಿದ ಮೇಲೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನೂ ಹೊಸದು ಹಾಕಿಸಿ.

ದಿನಾ ಓಡಿಸುವವರಿಗೆ ಸಿ5 ತಗೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಸಿ4ರ ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮೇಲೇಳುತ್ತದೆ. ಟೈರು, ಸಸ್ಪೆನ್ಷನ್, ಎಂಜಿನ್ ಎಲ್ಲ ಕಣ್ಣೆದುರಿಗೇ. ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರನ್ನು ಆ ಮುಂದಿನ ಟೈರಿನ ಪಕ್ಕ ನಿಲ್ಲಿಸಿಯೇ ನಾನು ಪಾಠ ಶುರು ಮಾಡುವುದು.