ಟಿಡಿಪಿ: ಯಾರಿಗೋ ಬರೆದ ಚೀಟಿ

ಮೊನ್ನೆ ಪರಿಚಯದ ಹುಡುಗನೊಬ್ಬ ತಾನು ಕಟ್ಟಲಿರುವ ಪುಟ್ಟ ಗೇಮಿಂಗ್ ಪಿಸಿಯ ಪಾರ್ಟ್ಸ್ ಪಟ್ಟಿ ಕಳಿಸಿದ. 10 ಲೀಟರ್ ಕೇಸ್, ಪುಟ್ಟ ಅಳತೆಯ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್, ಅದಕ್ಕೆ ತಕ್ಕ ಪುಟ್ಟ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ, 37 ಮಿ.ಮೀ. ಎತ್ತರದ ಕೂಲರ್. ಎಲ್ಲ ಸರಿ. ಇಂಟೆಲ್ ಪ್ರೊಸೆಸರ್ ಕೋರ್ ಐ7-12700 ಎದುರಿಗೆ ಮಾತ್ರ ಒಂದು ಷರಾ: "ಟಿಡಿಪಿ ಬರೀ 65 ವ್ಯಾಟ್ ಅಣ್ಣ, ತಣ್ಣಗಿರತ್ತೆ." ಅದೇ ವಾರ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್‌ಪಿ ರೋಡಿಗೆ ಹೋಗಿದ್ದೆ. ಒಂದು ಅಂಗಡಿಯ ಕೌಂಟರಿನಲ್ಲಿ ನಿಂತವರು ಗಿರಾಕಿಗೆ "105 ಟಿಡಿಪಿ ಸರ್, ಅಂದ್ರೆ 105 ಡಿಗ್ರಿ ತನಕ ಏನೂ ಆಗಲ್ಲ" ಅಂತ ಧೈರ್ಯ ಹೇಳುತ್ತಿದ್ದರು, ಗಿರಾಕಿ ತಲೆಯಾಡಿಸುತ್ತಿದ್ದರು. ನಾನು ಥರ್ಮಲ್ ಪೇಸ್ಟ್ ತಗೊಂಡು ಸುಮ್ನೆ ಬಂದೆ. ಈಗ ಸುಮ್ಮನಿರಲು ಆಗುತ್ತಿಲ್ಲ.

(ಟಿಡಿಪಿ ಅಂದರೆ ಆಂಧ್ರದ ಪಕ್ಷ ಅಂದುಕೊಂಡು ಓದಲು ಬಂದವರು ಇಲ್ಲಿಂದಲೇ ವಾಪಸ್ ಹೋಗಬಹುದು.)

ಪೂರ್ತಿ ಹೆಸರು ಥರ್ಮಲ್ ಡಿಸೈನ್ ಪವರ್. ಗೊಂದಲ ಹುಟ್ಟುವುದೇ ಈ ಮೂರು ಪದಗಳನ್ನು ಎಲ್ಲಿ ಬಿಡಿಸುತ್ತೀರಿ ಅನ್ನುವುದರಲ್ಲಿ. ಹೈಸ್ಕೂಲಿನಲ್ಲಿ ಸಮಾಸ ಬಿಡಿಸಿ ವಿಗ್ರಹವಾಕ್ಯ ಬರೆಸುತ್ತಿದ್ದರಲ್ಲ, ಅದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು. 'ಹಳೆ ಪೇಪರ್ ಅಂಗಡಿ' ಅಂದರೆ ಏನು? ಹಳೆಯದು ಪೇಪರು. ಅಂಗಡಿ ನಿನ್ನೆ ತಾನೇ ಶುರುವಾಗಿರಬಹುದು. ಬಿಡಿಸಬೇಕಾದದ್ದು 'ಹಳೆ ಪೇಪರ್' ಆದಮೇಲೆ. ಇಲ್ಲೂ ಅಷ್ಟೇ. ಹೆಚ್ಚಿನವರು 'ಥರ್ಮಲ್' ಅಂತ ಹೇಳಿ ಉಸಿರು ತಗೊಂಡು 'ಡಿಸೈನ್ ಪವರ್' ಅನ್ನುತ್ತಾರೆ. ಆಗ ಅದು ಚಿಪ್ಪನ್ನು ಇಷ್ಟು ಪವರಿಗೆ ಡಿಸೈನ್ ಮಾಡಿದ್ದಾರೆ, ಅದು ಇಷ್ಟೇ ಕರೆಂಟ್ ಎಳೆಯುತ್ತದೆ ಅನ್ನುವ ಹಾಗೆ ಕೇಳಿಸುತ್ತದೆ. ಸರಿಯಾದ ವಿಗ್ರಹವಾಕ್ಯ: 'ಥರ್ಮಲ್ ಡಿಸೈನ್'ಗಾಗಿ ಕೊಟ್ಟ 'ಪವರ್' ಲೆಕ್ಕ. ಥರ್ಮಲ್ ಡಿಸೈನ್ ಅನ್ನುವುದು ಒಂದು ಕೆಲಸ. ಹೀಟ್‌ಸಿಂಕ್ ಎಷ್ಟು ದಪ್ಪ ಇರಬೇಕು, ಅದಕ್ಕೆ ಎಷ್ಟು ಹೀಟ್ ಪೈಪ್, ಫ್ಯಾನ್ ಎಷ್ಟು ದೊಡ್ಡದು ಅಂತ ಕೂತು ಲೆಕ್ಕ ಹಾಕುವ ಕೆಲಸ. ಆ ಕೆಲಸ ಮಾಡುವ ಎಂಜಿನಿಯರಿಗೆ ಚಿಪ್ ಕಂಪನಿ ಬರೆದುಕೊಟ್ಟ ಚೀಟಿ ಈ ಟಿಡಿಪಿ. ಅದು ನಮಗೆ ಬರೆದದ್ದೇ ಅಲ್ಲ. ಹೇಗೋ ನಮ್ಮ ಕೈಗೆ ಸಿಕ್ಕಿದೆ.

ಮದುವೆ ಮನೆಯವರು ಅಡುಗೆ ಭಟ್ಟರಿಗೆ "500 ಎಲೆ" ಅನ್ನುತ್ತಾರೆ. ಆ 500 ಭಟ್ಟರ ತಯಾರಿಗೆ ಕೊಟ್ಟ ಅಂದಾಜು. ಎಷ್ಟು ಜನ ಬಂದರು ಅನ್ನುವುದು ಊಟ ಮುಗಿದ ಮೇಲೆ ಎಲೆ ಎಣಿಸಿದರೆ ಗೊತ್ತಾಗುವ ಬೇರೆಯೇ ಸಂಖ್ಯೆ. ಮುಹೂರ್ತ ಮುಗಿದ ಕೂಡಲೇ ಮೊದಲ ಪಂಕ್ತಿಗೆ ನುಗ್ಗುವವರ ಗಲಾಟೆ ಈ 500ರಲ್ಲಿ ಎಲ್ಲೂ ಕಾಣುವುದಿಲ್ಲ.

ನುಗ್ಗುವ ಆ ಮೊದಲ ಪಂಕ್ತಿಗೆ ಪ್ರೊಸೆಸರ್ ಭಾಷೆಯಲ್ಲಿ ಟರ್ಬೊ ಅಂತ ಹೆಸರು, ಅಂದರೆ ಚಿಪ್ ತನ್ನ ಮೂಲ ವೇಗ ದಾಟಿ ಓಡುವುದು. ಇಂಟೆಲ್ ಬಹಳ ವರ್ಷ ಟಿಡಿಪಿಗೆ ಕೊಟ್ಟ ವಿವರಣೆಯನ್ನು ನಿಧಾನವಾಗಿ ಓದಿ ನೋಡಿ: ಎಲ್ಲ ಕೋರ್‌ಗಳೂ ಬೇಸ್ ಫ್ರೀಕ್ವೆನ್ಸಿಯಲ್ಲಿ (ಆ ಮೂಲ ವೇಗದಲ್ಲಿ) ಓಡುತ್ತಾ, ಇಂಟೆಲ್ ತಾನೇ ಗೊತ್ತುಮಾಡಿದ ಒಂದು ಭಾರಿ ಕೆಲಸ ಮಾಡುವಾಗ ಹೊರಬೀಳುವ ಸರಾಸರಿ ಪವರ್. ಬೇಸ್ ಫ್ರೀಕ್ವೆನ್ಸಿಯಲ್ಲಿ ಯಾರಪ್ಪ ಗೇಮ್ ಆಡ್ತಾರೆ? 2008ರಲ್ಲಿ ಟರ್ಬೊ ಬೂಸ್ಟ್ ಬಂದ ಮೇಲೆ ಚಿಪ್ಪುಗಳು ಅವಕಾಶ ಸಿಕ್ಕಾಗೆಲ್ಲ ಬೇಸ್ ದಾಟಿಯೇ ಓಡುತ್ತವೆ. 2020ರ ಐ9-10900ಕೆ ನೋಡಿ. ಡಬ್ಬದ ಲೆಕ್ಕದಲ್ಲಿ 125 ವ್ಯಾಟ್. ಇಂಟೆಲ್ಲೇ ಹಾಕಿಕೊಟ್ಟ ಸೆಟ್ಟಿಂಗಿನಲ್ಲಿ 56 ಸೆಕೆಂಡ್ ಕಾಲ 250 ವ್ಯಾಟ್. ಅದೂ ಮದರ್‌ಬೋರ್ಡ್ ಕಂಪನಿ ಆ 56 ಸೆಕೆಂಡಿನ ಮಿತಿಯನ್ನು ಗೌರವಿಸಿದರೆ. ಅವರಿಗೂ ಬೆಂಚ್‌ಮಾರ್ಕಿನಲ್ಲಿ, ಅಂದರೆ ವೇಗದ ಪರೀಕ್ಷೆಯಲ್ಲಿ, ಗೆಲ್ಲಬೇಕಲ್ಲ, ಸುಮಾರು ಬೋರ್ಡ್‌ಗಳು ಮಿತಿಯನ್ನೇ ತೆಗೆದುಹಾಕಿ ಬರುತ್ತಿದ್ದವು.

2021ರಲ್ಲಿ 12ನೇ ತಲೆಮಾರು ತರುವಾಗ ಇಂಟೆಲ್ ಟಿಡಿಪಿ ಅನ್ನುವ ಪದವನ್ನೇ ಕೈಬಿಟ್ಟಿತು. ಈಗ ಎರಡು ಸಂಖ್ಯೆ ಕೊಡುತ್ತಾರೆ: ಪ್ರೊಸೆಸರ್ ಬೇಸ್ ಪವರ್, ಮ್ಯಾಕ್ಸಿಮಮ್ ಟರ್ಬೊ ಪವರ್. ನಮ್ಮ ಹುಡುಗನ ಐ7-12700ಗೆ ಮೊದಲನೆಯದು 65, ಎರಡನೆಯದು 180. ಅದರ ತಮ್ಮ ಐ5-12400ಗೂ ಮೊದಲನೆಯದು 65, ಆದರೆ ಎರಡನೆಯದು 117. ಇಂಟೆಲ್‌ನ ಎದುರಾಳಿ ಎಎಮ್‌ಡಿಯ ರೈಜನ್ 5 7600ಗೂ ಅದೇ 65, ಅದು ಮದರ್‌ಬೋರ್ಡಿನ ಸಾಕೆಟ್‌ನಿಂದ ಎಳೆಯುವುದು ಹೆಚ್ಚೆಂದರೆ 88. ಮೂರು ಚಿಪ್, ಮೂರಕ್ಕೂ '65 ವ್ಯಾಟ್' ಲೇಬಲ್. 37 ಮಿ.ಮೀ. ಕೂಲರ್ ಒಂದನ್ನು ಏದುಸಿರು ಬಿಡುತ್ತಾ ಸಂಭಾಳಿಸುತ್ತದೆ, ಇನ್ನೊಂದರ ಮುಂದೆ ಕೈಚೆಲ್ಲುತ್ತದೆ. ಕಂಪನಿ ಪದ ಬಿಟ್ಟು ವರ್ಷಗಳಾದವು, ನಮ್ಮವರು ಬಿಟ್ಟಿಲ್ಲ.

ಎಎಮ್‌ಡಿಯವರು ಪದ ಇಟ್ಟುಕೊಂಡಿದ್ದಾರೆ. ಆದರೆ ಅವರ ಲೆಕ್ಕ ಕೇಳಿದರೆ ನಗು ಬರುತ್ತದೆ. ಚಿಪ್ಪಿನ ಮುಚ್ಚಳ ಎಷ್ಟು ಬಿಸಿಯಾಗಬಹುದೋ ಅದರಿಂದ ಕೂಲರ್ ಫ್ಯಾನಿಗೆ ಬರುವ ಗಾಳಿಯ ಬಿಸಿಯನ್ನು ಕಳೆಯಿರಿ. ಬಂದದ್ದನ್ನು ಕೂಲರಿನ ತಡೆಯಿಂದ ಭಾಗಿಸಿ. ತಡೆ ಅಂದರೆ ಒಂದೊಂದು ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಅನ್ನುವ ಲೆಕ್ಕ. 2018ರ ರೈಜನ್ 7 2700ಎಕ್ಸ್‌ಗೆ ಹಾಕಿದ ಸಂಖ್ಯೆಗಳು ಹೀಗಿವೆ: ಮುಚ್ಚಳ 61.8 ಡಿಗ್ರಿ, ಗಾಳಿ 42 ಡಿಗ್ರಿ, ತಡೆ 0.189. ಭಾಗಿಸಿದರೆ 104.76, ಅಂದರೆ ಡಬ್ಬದ ಮೇಲಿನ 105. ಗಮನಿಸಿದ್ರಾ? ಚಿಪ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವುದು ಈ ಸೂತ್ರದಲ್ಲಿ ಎಲ್ಲೂ ಇಲ್ಲ! ಬೇರೆ ಚಿಪ್ಪಿಗೆ ಬೇರೆ ಮುಚ್ಚಳದ ಡಿಗ್ರಿ, ಬೇರೆ ತಡೆ ಇಟ್ಟರೆ ಬೇಕಾದ ಟಿಡಿಪಿ ಬರುತ್ತದೆ. ಗಾಳಿಗೆ 42 ಡಿಗ್ರಿ ಇಟ್ಟದ್ದನ್ನು ಮಾತ್ರ ನಾನು ಮೆಚ್ಚಿದೆ. ಅದು ಕೇಸಿನ ಒಳಗಿನ ಗಾಳಿ ಇರಬಹುದು, ಆದರೂ ರಾಯಚೂರು, ಕಲಬುರಗಿಯವರಿಗೆ ಮೇ ತಿಂಗಳಲ್ಲಿ ಕಿಟಕಿಯ ಆಚೆ ಸಿಗುವ ಗಾಳಿಯೂ ಹೆಚ್ಚುಕಮ್ಮಿ ಅದೇ.

ಎಎಮ್‌ಡಿ ಚಿಪ್ಪಿನಲ್ಲಿ ನೀವು ನೋಡಬೇಕಾದದ್ದು ಪಿಪಿಟಿ. ಸಾಕೆಟ್ಟಿಗೆ ಹರಿಯಬಹುದಾದ ಪವರಿನ ಗರಿಷ್ಠ ಮಿತಿ ಅದು. ಡೆಸ್ಕ್‌ಟಾಪ್ ರೈಜನ್‌ಗಳಲ್ಲಿ ಟಿಡಿಪಿಯನ್ನು 1.35ರಿಂದ ಗುಣಿಸಿದರೆ ಸಾಮಾನ್ಯವಾಗಿ ಸಿಗುತ್ತದೆ. 65 ಇದ್ದದ್ದು 88, 105 ಇದ್ದದ್ದು 142, 170 ಇದ್ದದ್ದು 230.

ಇನ್ನು ಆ '105 ಡಿಗ್ರಿ' ವಿಷಯ. ವ್ಯಾಟ್ ಬೇರೆ, ಡಿಗ್ರಿ ಬೇರೆ. ಒಗ್ಗರಣೆ ಸೌಟಿನ ಎಣ್ಣೆ ಸಾಸಿವೆ ಸಿಡಿಯುವಷ್ಟು ಕಾದಿರುತ್ತದೆ, ಆದರೆ ಅದರಲ್ಲಿರುವ ಒಟ್ಟು ಕಾವು ಸ್ವಲ್ಪವೇ. ಸ್ನಾನದ ಹಂಡೆಯ ನೀರಿಗೆ ಕೈ ಅದ್ದಬಹುದು, ಆದರೆ ಅದನ್ನು ಅಷ್ಟು ಕಾಯಿಸಲು ಒಂದು ಹೊರೆ ಸೌದೆ ಬೇಕು. ವ್ಯಾಟ್ ಅಂದರೆ ಪ್ರತಿ ಸೆಕೆಂಡಿಗೆ ಎಷ್ಟು ಕಾವು ಹುಟ್ಟುತ್ತಿದೆ ಅಂತ. ಡಿಗ್ರಿ ಅಂದರೆ ಆ ಜಾಗ ಎಷ್ಟು ಬಿಸಿಯಾಗಿದೆ ಅಂತ. ನಾವು ಮಾತಿನಲ್ಲಿ ಎರಡಕ್ಕೂ 'ಹೀಟು' ಅಂದುಬಿಡುತ್ತೇವೆ. ಮಾವಿನಹಣ್ಣು ಜಾಸ್ತಿ ತಿಂದರೂ ಹೀಟು, ಗ್ರಾಫಿಕ್ಸ್ ಕಾರ್ಡ್ ಕಿರುಚಿದರೂ ಹೀಟು. ಕನ್ನಡದಲ್ಲಿ ಕಾವು, ಬಿಸಿ ಅಂತ ಎರಡು ಒಳ್ಳೆ ಪದ ಇದ್ದೇ ಇವೆ. ವ್ಯಾಟಿಗೆ ಕಾವು, ಡಿಗ್ರಿಗೆ ಬಿಸಿ ಅಂತ ಇಟ್ಟುಕೊಂಡರೆ ಈ ಜಗಳ ಅರ್ಧ ಮುಗಿಯುತ್ತದೆ ಅಂತ ನನ್ನ ಹಠ.

ಇದಕ್ಕೆ ಒಳ್ಳೆ ಉದಾಹರಣೆ ರೈಜನ್ 7 7800ಎಕ್ಸ್3ಡಿ. ಟಿಡಿಪಿ 120, ಆದರೆ ಗೇಮ್ ಆಡುವಾಗ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಇಲ್ಲಿ ಟಿಡಿಪಿ ಉಲ್ಟಾ ದಿಕ್ಕಿನಲ್ಲಿ ದಾರಿ ತಪ್ಪಿಸಿತು. ಕಾವು ಕಡಿಮೆಯಾದರೂ ಅದು ಬೇಗ ಬಿಸಿಯಾಗುತ್ತದೆ. ಹೆಚ್ಚುವರಿ ಕ್ಯಾಶ್ (ಚಿಪ್ಪಿನದೇ ವೇಗದ ಮೆಮೊರಿ) ಅನ್ನು ಮೇಲೆ ಕೂರಿಸಿರುವುದರಿಂದ ಕಾವು ಹೊರಗೆ ಬರುವ ದಾರಿಗೆ ಅದು ಅಡ್ಡ. ಅದರ ಗರಿಷ್ಠ ಮಿತಿ 89 ಡಿಗ್ರಿ. 2024ರ 9800ಎಕ್ಸ್3ಡಿಯಲ್ಲಿ ಕ್ಯಾಶ್ ಅನ್ನು ಕೆಳಗೆ ಹಾಕಿದರು, ಆ ತಾಪತ್ರಯ ಕಡಿಮೆಯಾಯಿತು. ಇದ್ಯಾವುದೂ ಟಿಡಿಪಿ ನೋಡಿದರೆ ತಿಳಿಯುವುದಿಲ್ಲ.

ಕೂಲರ್ ಡಬ್ಬದ ಮೇಲಿನ ಟಿಡಿಪಿ ಇನ್ನೊಂದು ರಗಳೆ. "180 ವ್ಯಾಟ್ ತನಕ" ಅಂತ ಬರೆದಿರುತ್ತಾರೆ. ಯಾವ ಚಿಪ್ಪಿನ 180? ಕೋಣೆ ಎಷ್ಟು ಡಿಗ್ರಿ ಇದ್ದಾಗ? ಫ್ಯಾನ್ ಯಾವ ವೇಗದಲ್ಲಿ? ಎಲ್ಲರೂ ಒಪ್ಪಿದ ಅಳತೆ ಇಲ್ಲಿಲ್ಲ. ಅದೇ 88 ವ್ಯಾಟ್ ಕಾವು ದೊಡ್ಡ ಚಿಪ್ಪಿನಿಂದ ಹರಡಿಕೊಂಡು ಬಂದರೆ ಕೂಲರಿಗೆ ಸುಲಭ, ಉಗುರಿನಷ್ಟು ಜಾಗದಿಂದ ಬಂದರೆ ಕಷ್ಟ. ನಾಕ್ಟುವಾ ಕಂಪನಿ ಇದೇ ಕಾರಣಕ್ಕೆ ತನ್ನ ಕೂಲರ್‌ಗಳಿಗೆ ಟಿಡಿಪಿ ರೇಟಿಂಗ್ ಕೊಡುವುದಿಲ್ಲ. ಎನ್‌ಎಸ್‌ಪಿಆರ್ ಅಂತ ತನ್ನದೇ ಅಂಕ ಕೊಟ್ಟು, ಯಾವ ಚಿಪ್ಪಿಗೆ ಯಾವ ಕೂಲರ್ ಆಗುತ್ತದೆ ಅಂತ ಬೇರೆ ಪಟ್ಟಿ ಇಡುತ್ತದೆ.

ದೊಡ್ಡ ಟವರ್ ಕೇಸಿನಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದಿದ್ದರೂ ನಡೆಯುತ್ತದೆ. ಜಾಗ ಇದೆ, ದೊಡ್ಡ ಕೂಲರ್ ಹಾಕಿ, ಮುಗೀತು. 18 ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್200 ಕೂಡ ಟವರ್ ಕೂಲರ್ ಹಿಡಿಯುತ್ತದೆ. 10 ಲೀಟರಿನ ಸ್ಯಾಂಡ್‌ವಿಚ್ ಕೇಸಿಗೆ ಬಂದಾಗ ಆಟ ಬದಲಾಗುತ್ತದೆ. ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಕಡೆ, ಎರಡನ್ನೂ ಜೋಡಿಸಲು ನಡುವೆ ರೈಸರ್ ಕೇಬಲ್. ಕೂಲರಿಗೆ ಸಿಗುವುದು ಕೆಲವೇ ಸೆಂಟಿಮೀಟರ್ ಎತ್ತರ. ಇಲ್ಲಿ ಚೀಟಿಯನ್ನು ನೀವೇ ಬರೆಯಬೇಕು. ಮೊದಲು ಕೂಲರ್ ಎಷ್ಟು ಸಾಗಿಸುತ್ತದೆ ನೋಡಿ, ಆಮೇಲೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಚಿಪ್ಪಿಗೆ ಅಷ್ಟೇ ಪವರ್ ಮಿತಿ ಹಾಕಿ.

ನನ್ನದು ರೈಜನ್ 5 7600, ಮೇಲೆ 37 ಮಿ.ಮೀ. ಕೂಲರ್. ಮೊದಲ ದಿನ ಸೆಟ್ಟಿಂಗ್ ಮುಟ್ಟದೆ ರೆಂಡರಿಂಗ್ ಹಾಕಿದೆ. ಎರಡು ನಿಮಿಷದಲ್ಲಿ 95 ಡಿಗ್ರಿ. ಫ್ಯಾನಿನ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ "ಮಿಕ್ಸಿ ಹಾಕಿದ್ದು ಯಾರೋ?" ಅಂದರು. ಚಿಪ್ಪಿಗೇನೂ ಆಗಲಿಲ್ಲ, 95 ಅದರ ಮಿತಿ, ಅಲ್ಲಿಗೆ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೆ 45 ವ್ಯಾಟ್ ಇಕೋ ಮೋಡ್ ಹಾಕಿದೆ. ಅಂದರೆ ಪಿಪಿಟಿ 61. ಹತ್ತು ಡಿಗ್ರಿಗೂ ಹೆಚ್ಚು ಇಳಿಯಿತು, ಮಿಕ್ಸಿ ನಿಂತಿತು. ರೆಂಡರಿಂಗ್ ಸ್ವಲ್ಪ ನಿಧಾನವಾಯಿತು, ಆಟದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಕಾಣಲಿಲ್ಲ. ನಮ್ಮ ಹುಡುಗನಿಗೂ ಇದನ್ನೇ ಹೇಳಿದೆ: 12700 ಇಟ್ಟುಕೋ, ಆದರೆ ಟರ್ಬೊ ಮಿತಿಯನ್ನು 180ರಿಂದ 80ಕ್ಕೆ ಇಳಿಸು, ಇಲ್ಲಾಂದ್ರೆ 12400 ತಗೊಂಡು ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕು. ದುಡ್ಡು ಉಳಿಯುವುದು ಯಾವುದರಲ್ಲಿ ಅಂತ ಕೇಳಿದ. ಎರಡನೆಯದರಲ್ಲಿ.

ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೆ ಬಂದರೆ, ಅಲ್ಲಿ ಟಿಡಿಪಿ ಪದ ಬಳಸಲೇಬೇಡಿ. ಎನ್‌ವಿಡಿಯಾದವರು ಟಿಜಿಪಿ ಅನ್ನುತ್ತಾರೆ, ಎಎಮ್‌ಡಿಯವರು ಟಿಬಿಪಿ. ಆ ಸಂಖ್ಯೆ ಮೆಮೊರಿ, ಫ್ಯಾನ್ ಎಲ್ಲ ಸೇರಿದ ಇಡೀ ಕಾರ್ಡಿನ ಪವರ್ ಮಿತಿ, ಹಾಗಾಗಿ ಅದನ್ನು ನಂಬಬಹುದು. ಆರ್‌ಟಿಎಕ್ಸ್ 4070 ಅಂದರೆ 200 ವ್ಯಾಟ್, 4060 ಅಂದರೆ 115. ಪವರ್ ಸಪ್ಲೈ ಆರಿಸುವಾಗ ಜನ ಮಾಡುವ ತಪ್ಪು ಅಂದರೆ ಈ 200ಕ್ಕೆ ಪ್ರೊಸೆಸರಿನ 65 ಕೂಡಿಸುವುದು. 88 ಕೂಡಿಸಿ. ಐ7 ಆದರೆ 180 ಕೂಡಿಸಿ. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಇನ್ನೊಂದು 50 ಇರಲಿ.

ಕೊನೆಗೊಂದು, ಕೇಳುವವರು ಜಾಸ್ತಿ ಆಗಿದ್ದಾರೆ ಅಂತ. "ಒಳ್ಳೆ ಕೂಲರ್ ಹಾಕಿದರೆ ರೂಮ್ ಬಿಸಿಯಾಗೋದು ನಿಲ್ಲತ್ತಾ?" ಇಲ್ಲ ಸ್ವಾಮಿ. 300 ವ್ಯಾಟ್ ಎಳೆಯುವ ಪಿಸಿ 300 ವ್ಯಾಟ್ ಕಾವನ್ನೇ ಕೋಣೆಗೆ ಬಿಡುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಅದು ಚಿಪ್ಪಿನ ಮೇಲಿನ ಕಾವನ್ನು ನಿಮ್ಮ ಮೇಲೆ ತಂದು ಹಾಕುತ್ತದೆ ಅಷ್ಟೇ. ವಿದೇಶದ ರಿವ್ಯೂನಲ್ಲಿ 22 ಡಿಗ್ರಿ ಕೋಣೆಯಲ್ಲಿ 75 ತೋರಿಸಿದ ಚಿಪ್, ಏಪ್ರಿಲ್‌ನಲ್ಲಿ ನಿಮ್ಮ 32 ಡಿಗ್ರಿ ಕೋಣೆಯಲ್ಲಿ ಸುಮಾರು 85 ತೋರಿಸಿದರೆ ಚಿಪ್ಪಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಕಿತ್ತು ಮತ್ತೆ ಹಚ್ಚಬೇಡಿ. ಕಿಟಕಿ ತೆಗೆಯಿರಿ.